ಹತ್ತು ವರ್ಷ ನಿಂತಿದ್ದ ಯೆಜ್ಡಿ: ನಿಲ್ಲದ ಬಿಳಿ ಹೊಗೆ, ತಾನಾಗಿ ಏರುವ ರೇಸ್. ಬೋರ್ ಮಾಡಿಸಲೇಬೇಕಾ?

ಕೊಬ್ಬರಿನಾಡು
ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿಯಿಂದ ಒಂದು ಯೆಜ್ಡಿ ಕ್ಲಾಸಿಕ್ ಬೈಕ್ ತಂದಿದ್ದೇನೆ. 1984ರ ಗಾಡಿ. 6 ವೋಲ್ಟ್ ಡೈನಮೊ, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಸಣ್ಣ ಸಂಪರ್ಕದಿಂದ ಪ್ಲಗ್‌ಗೆ ಕಿಡಿ ಕೊಡುವ ಹಳೇ ಪದ್ಧತಿ). ಓಡಿಸುತ್ತಿದ್ದ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಹತ್ತು ವರ್ಷಕ್ಕೂ ಜಾಸ್ತಿ ನಿಂತಿತ್ತು.

ಟ್ಯಾಂಕ್‌ನಲ್ಲಿ ತಳಕ್ಕೆ ಅಂಟಿದ್ದ ಪೆಟ್ರೋಲ್ ವಾರ್ನಿಷ್ ವಾಸನೆ ಬರುತ್ತಿತ್ತು, ಚೆಲ್ಲಿದೆ. ಹೊಸ ಪೆಟ್ರೋಲ್‌ಗೆ ಲೀಟರ್‌ಗೆ 40 ಮಿ.ಲೀ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸುವ ಆಯಿಲ್) ಹಾಕಿದೆ. ಹೊಸ ಪ್ಲಗ್, ಹೊಸ ಬ್ಯಾಟರಿ. ಕಾರ್ಬೊರೇಟರ್ ಬಿಚ್ಚಿ ಗಾಳಿ ಹೊಡೆಸಿದೆ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದೆ. ಕಾಲು ಸೋಲುವಷ್ಟು ಕಿಕ್ಕರ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು!

ಈಗಿನ ಸಮಸ್ಯೆ ಹೀಗಿದೆ. ಎರಡೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ. ಬಿಸಿಯಾದ ಮೇಲೆ ಎಕ್ಸ್‌ಲೇಟರ್ ಬಿಟ್ಟಿದ್ದರೂ ರೇಸ್ (ಎಂಜಿನ್ ತಿರುಗುವ ವೇಗ) ತಾನಾಗಿ ಏರುತ್ತದೆ. ರಸ್ತೆಗೆ ತಂದು ಎಳೆಸಿದರೆ ಸ್ವಲ್ಪ ದೂರ ಹೋಗಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಪ್ಲಗ್ ತೆಗೆದರೆ ಒದ್ದೆ, ಕಪ್ಪು.

ನಮ್ಮೂರ ಮೆಕ್ಯಾನಿಕ್ ಹೊಗೆ ನೋಡಿದವರೇ "ಬೋರ್ ಹೋಗಿದೆ, ಬೋರಿಂಗ್ ಮಾಡಿಸಿ ಪಿಸ್ಟನ್ ಹಾಕಿಸಿ" ಎಂದರು. ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಸವೆದಿದೆ, ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು ಅಂತ. ದುಡ್ಡು ಹಾಕುವ ಮೊದಲು ಗೊತ್ತಿರುವವರನ್ನು ಕೇಳೋಣ ಅಂತ.

ಬುಲೆಟ್ ಬೆಳಗಾವಿ
ಅಭಿನಂದನೆ! ಫೋಟೊ ಹಾಕಿ ಮೊದಲು.

ನನ್ನ ಹಳೇ ಬುಲೆಟ್ ಕೂಡ ಬಹಳ ದಿನ ನಿಂತಾಗ ಹೀಗೇ ಹೊಗೆ ಕಾರುತ್ತದೆ. ಹಳೆಯ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಆಯಿಲ್ ಇರುವ ಜಾಗ ಬೇರೆ, ಪಿಸ್ಟನ್ ತಿರುಗಿಸುವ ಶಾಫ್ಟ್, ಅಂದರೆ ಕ್ರ್ಯಾಂಕ್ ಇರುವ ಜಾಗ (ಕ್ರ್ಯಾಂಕ್‌ಕೇಸ್) ಬೇರೆ. ನಿಂತಲ್ಲೇ ನಿಂತರೆ ಆಯಿಲ್ ಪಂಪ್ ದಾಟಿ ಮೆಲ್ಲಗೆ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಕಿಕ್ಕರ್ ಹೊಡೆಯುವ ಮೊದಲು ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಆ ಆಯಿಲ್ ತೆಗೆದರೆ ಹೊಗೆ ಹೋಗುತ್ತದೆ. ನಿಮ್ಮದೂ ಅದೇ ಇರಬಹುದು. ಇಲ್ಲ ಅಂದರೆ ವಾಲ್ವ್ ಗೈಡ್ ನೋಡಿಸಿ.

ಯಾದವಗಿರಿ
ಬೆಳಗಾವಿ ಅಣ್ಣ, ಯೆಜ್ಡಿ ಟೂ ಸ್ಟ್ರೋಕ್, ಅದಕ್ಕೆ ವಾಲ್ವೇ ಇಲ್ಲ, ಇನ್ನು ಗೈಡ್ ಎಲ್ಲಿಂದ ಬರಬೇಕು? ಆದರೆ ಕ್ರ್ಯಾಂಕ್‌ಕೇಸ್‌ಗೆ ಆಯಿಲ್ ಇಳಿದಿರಬಹುದು ಅಂದಿರಲ್ಲ, ಆ ಮಾತು ಹತ್ತಿರಕ್ಕೆ ಬಂದಿದೆ.

ಕೊಬ್ಬರಿನಾಡು ತಮ್ಮಾ, ಬೋರಿಂಗ್ ಮಾತು ಸದ್ಯಕ್ಕೆ ಬಿಡಿ. ನನಗೆ ಇಷ್ಟು ಹೇಳಿ. ಹೊಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಹಾಗೇ ಇದೆಯಾ? ಹತ್ತು ವರ್ಷ ಸೈಲೆನ್ಸರ್ ಒಳಗೆ ಕೂತ ಆಯಿಲ್ ಸುಡುವವರೆಗೆ ಯಾವ ಟೂ ಸ್ಟ್ರೋಕ್ ಆದರೂ ಹೊಗೆ ಬಿಡುತ್ತದೆ, ಅದಕ್ಕೆ ಹೆದರಬೇಡಿ. ಎರಡನೆಯದು, ಗೇರ್‌ಬಾಕ್ಸ್ ಆಯಿಲ್ ಲೆವೆಲ್ ಈಗ ಎಷ್ಟಿದೆ? ಮೂರನೆಯದು, ಗಾಡಿ ಉಸಿರು ಕಟ್ಟಿದ ಕ್ಷಣಕ್ಕೆ ಪೆಟ್ರೋಲ್ ಕ್ಯಾಪ್ ತೆಗೆದರೆ ಏನಾಗುತ್ತದೆ?

ಕೊಬ್ಬರಿನಾಡು
ಸರ್, ಹೊಗೆ ನಿಲ್ಲುವುದೇ ಇಲ್ಲ. ಜಾಸ್ತಿ ಬಿಸಿಯಾದರೆ ಜಾಸ್ತಿ ಹೊಗೆ. ಟೂಟಿ ಆಯಿಲ್ ವಾಸನೆ ಅಲ್ಲ, ಗಂಟಲು ಹಿಡಿಯುವ ಘಾಟು.

ಗೇರ್‌ಬಾಕ್ಸ್ ನೋಡಿದೆ. ಹಾಕಿದ ಆಯಿಲ್‌ನಲ್ಲಿ ಒಳ್ಳೇ ಪಾಲು ಇಲ್ಲ! ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಎಲ್ಲಿ ಹೋಯಿತು?

ಕ್ಯಾಪ್ ತೆಗೆದು ಓಡಿಸಿದರೆ ಸ್ವಲ್ಪ ವಾಸಿ. ಆದರೂ ಆಮೇಲೆ ನಿಂತೇ ಬಿಡುತ್ತದೆ.

ಯಾದವಗಿರಿ
ನೆಲದ ಮೇಲೆ ಬೀಳದ ಆಯಿಲ್ ಸೈಲೆನ್ಸರ್‌ನಲ್ಲಿ ಹೊಗೆಯಾಗಿ ಹೋಗಿದೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳೇ ಯೆಜ್ಡಿ ತಂದವರಲ್ಲಿ ಅರ್ಧ ಜನ ಇದೇ ಜಾಗದಲ್ಲಿ ಸುಮ್ನೆ ದುಡ್ಡು ಕಳೆಯುತ್ತಾರೆ.

ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗೆ ಆಯಿಲ್ ಇರುತ್ತದೆ. ಪಿಸ್ಟನ್ ರಿಂಗ್ ಸವೆದರೆ ಆ ಆಯಿಲ್ ಮೇಲೆ ಹತ್ತಿ ಸುಡುತ್ತದೆ, ಹೊಗೆ ಬರುತ್ತದೆ. ಅಲ್ಲಿ "ಹೊಗೆ ಅಂದರೆ ಬೋರ್" ಎನ್ನುವ ಲೆಕ್ಕ ಬಹಳ ಸಲ ಸರಿ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗೆ ಆಯಿಲ್ ಎಲ್ಲಿದೆ? ಪೆಟ್ರೋಲ್ ಜೊತೆ ಬೆರೆಸಿದ್ದು ಬಿಟ್ಟರೆ ಇಲ್ಲವೇ ಇಲ್ಲ. ಬೋರ್ ಸವೆದರೆ ಕಂಪ್ರೆಷನ್ ಬೀಳುತ್ತದೆ, ಎಳೆಯುವ ಶಕ್ತಿ ಹೋಗುತ್ತದೆ, ಪಿಸ್ಟನ್ ಟಕಟಕ ಅನ್ನುತ್ತದೆ. ಆದರೆ ಇಷ್ಟು ಹೊಗೆಗೆ ಬೇಕಾದ ಆಯಿಲ್ ಬೋರ್ ಕೊಡಲಾರದು. ಬೇರೆ ಕಡೆಯಿಂದ ಬರಬೇಕು.

ಯೆಜ್ಡಿ ಎಂಜಿನ್‌ನಲ್ಲಿ ಎಡಗಡೆ ಪ್ರೈಮರಿ ಚೈನ್, ಕ್ಲಚ್. ಅಲ್ಲಿರುವುದು ಗೇರ್‌ಬಾಕ್ಸ್ ಆಯಿಲ್ಲೇ. ಆ ಆಯಿಲ್‌ಗೂ ಕ್ರ್ಯಾಂಕ್‌ಕೇಸ್‌ಗೂ ನಡುವೆ ಕ್ರ್ಯಾಂಕ್ ಶಾಫ್ಟ್ ಸುತ್ತ ಒಂದು ಆಯಿಲ್ ಸೀಲ್. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ ಹೀರುತ್ತದೆ. ಕಾರ್ಬೊರೇಟರ್‌ನಿಂದ ಪೆಟ್ರೋಲ್ ಗಾಳಿ ಬರುವುದೇ ಈ ಹೀರುವಿಕೆಯಿಂದ. ಸೀಲ್ ಒಣಗಿ ಗಟ್ಟಿಯಾಗಿದ್ದರೆ ಗೇರ್‌ಬಾಕ್ಸ್ ಆಯಿಲ್ ಕೂಡ ಅದರ ಜೊತೆ ಬರುತ್ತದೆ. ಹತ್ತು ವರ್ಷ ಅಲ್ಲಾಡದೆ ನಿಂತ ಸೀಲ್‌ನ ತುಟಿ ಶಾಫ್ಟ್‌ಗೆ ಅಂಟಿಕೊಂಡು ಕಲ್ಲಾಗಿರುತ್ತದೆ. ಮೊದಲ ಸಲ ಎಂಜಿನ್ ತಿರುಗಿದಾಗಲೇ ಹರಿದರೂ ಆಶ್ಚರ್ಯ ಇಲ್ಲ.

ಬಲಗಡೆ ಡೈನಮೊ ಹಿಂದೆ ಇನ್ನೊಂದು ಸೀಲ್ ಇದೆ. ಅಲ್ಲಿ ಆಯಿಲ್ ಇಲ್ಲ, ಗಾಳಿ ಮಾತ್ರ. ಅದು ಹೋದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ರೇಸ್ ತಾನಾಗಿ ಏರುತ್ತದೆ. ನಿಜವಾದ ಅಪಾಯ ಇದೇ. ಹೊಗೆಯಿಂದ ಗಾಡಿ ಸಾಯುವುದಿಲ್ಲ, ತೆಳು ಮಿಶ್ರಣದಲ್ಲಿ ಎಳೆಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ದಯವಿಟ್ಟು ಇದು ಸರಿಯಾಗುವವರೆಗೆ ಹೈವೇಗೆ ಹೋಗಬೇಡಿ.

ಎಳೆಸಿದಾಗ ನಿಲ್ಲುವುದು ಬೇರೆಯೇ ಕಾಯಿಲೆ. ಕ್ಯಾಪ್ ತೆಗೆದಾಗ ವಾಸಿ ಅಂದಿರಿ, ಅಲ್ಲಿಗೆ ಕ್ಯಾಪ್‌ನ ಗಾಳಿ ತೂತು ಕಟ್ಟಿದೆ. ಪೂರ್ತಿ ವಾಸಿಯಾಗಲಿಲ್ಲ ಅಂದರೆ ಪೆಟ್ರೋಲ್ ಟ್ಯಾಪ್‌ನಲ್ಲೋ ಕಾರ್ಬೊರೇಟರ್‌ನ ಜೆಟ್‌ನಲ್ಲೋ (ಪೆಟ್ರೋಲ್ ಹೋಗುವ ಸಣ್ಣ ತೂತು) ತುಕ್ಕು ಕೂತಿದೆ. ಮೂರು ಕಾಯಿಲೆಗೆ ಒಂದೇ ಬೋರಿಂಗ್ ಔಷಧಿ ಕೊಟ್ಟರೆ ಆಗುತ್ತಾ?

ಬುಲೆಟ್ ಬೆಳಗಾವಿ
ವಾಲ್ವ್ ಗೈಡ್ ವಾಪಸ್ ತಗೊಂಡೆ 😄 ಆದರೆ ಒಂದು ಮಾತು, ಆ ಮೆಕ್ಯಾನಿಕ್ ಕೆಟ್ಟವರಲ್ಲ. ಈಗಿನ ಗ್ಯಾರೇಜ್‌ಗೆ ದಿನಕ್ಕೆ ಬರುವುದೆಲ್ಲ ಫೋರ್ ಸ್ಟ್ರೋಕ್. ಹೊಗೆ ನೋಡಿದರೆ ಕೈ ಬೋರ್ ಕಡೆಗೇ ಹೋಗುತ್ತದೆ.

ಕೊಪ್ಪದ ಹುಡುಗಿ
ಯಾದವಗಿರಿ ಸರ್ ಹೇಳಿದ್ದನ್ನು ಎಂಜಿನ್ ಬಿಚ್ಚದೆ ಖಾತ್ರಿ ಮಾಡಿಕೊಳ್ಳಬಹುದು. ಪ್ರೆಷರ್ ಟೆಸ್ಟ್. ನನ್ನ ಆರ್‌ಎಕ್ಸ್ 100ಕ್ಕೆ ಯಾವಾಗಲೂ ಇದನ್ನೇ ಮೊದಲು ಮಾಡುವುದು.

ಕಾರ್ಬೊರೇಟರ್ ತೆಗೆದು ಆ ಬಾಯಿಗೆ ಹಳೇ ಟ್ಯೂಬ್ ರಬ್ಬರ್ ಕತ್ತರಿಸಿ, ಮೇಲೆ ದಪ್ಪ ತಗಡಿಟ್ಟು ಬಿಗಿಯಿರಿ. ಸೈಲೆನ್ಸರ್ ಪೈಪ್ ಬಿಚ್ಚಿ ಅಲ್ಲೂ ಮುಚ್ಚಿ. ನಿಮ್ಮದಕ್ಕೆ ಎರಡು ಎಕ್ಸಾಸ್ಟ್ ಬಾಯಿ, ಎರಡನ್ನೂ ಮುಚ್ಚಬೇಕು. ಹಳೇ ಪ್ಲಗ್‌ನ ಒಳಗಿನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ಒಂದು ಪೈಪ್ ಕೂರಿಸಿ ಪ್ಲಗ್ ಜಾಗಕ್ಕೆ ಹಾಕಿ. ಪಿಸ್ಟನ್ ಕೆಳಗಿರಲಿ, ಆಗ ಸಿಲಿಂಡರ್ ಗೋಡೆಯ ತೂತು (ಪೋರ್ಟ್) ತೆರೆದು ಗಾಳಿ ಕ್ರ್ಯಾಂಕ್‌ಕೇಸ್‌ಗೂ ಇಳಿಯುತ್ತದೆ.

ಪಂಪ್‌ಗೆ ಮನೆಯಲ್ಲಿರುವ ಕೈಯಲ್ಲಿ ಒತ್ತುವ ಬಿಪಿ ಮಷಿನ್ ಸಾಕು. ಮುಳ್ಳು 300 ತೋರಿಸಿದರೆ 6 ಪಿಎಸ್‌ಐ ಹತ್ತಿರ. ಅದಕ್ಕಿಂತ ಜಾಸ್ತಿ ಬೇಡ, ಕಂಪ್ರೆಸರ್ ಅಂತೂ ಬೇಡವೇ ಬೇಡ, ಚೆನ್ನಾಗಿರುವ ಸೀಲ್ ಕೂಡ ಹಾರಿಹೋಗುತ್ತದೆ. ಚೆನ್ನಾಗಿರುವ ಎಂಜಿನ್‌ನಲ್ಲಿ ಮುಳ್ಳು ಕೆಲವು ನಿಮಿಷ ಹಾಗೇ ನಿಲ್ಲುತ್ತದೆ. ಬಿದ್ದರೆ ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ: ಹೆಡ್, ಬ್ಲಾಕ್ ಕೆಳಗಿನ ಪ್ಯಾಕಿಂಗ್, ಕೇಸ್ ಜೋಡಣೆ, ಡೈನಮೊ ಹಿಂದಿನ ಸೀಲ್. ಎಡಗಡೆ ಸೀಲ್ ಕಣ್ಣಿಗೆ ಕಾಣುವುದಿಲ್ಲ. ಗೇರ್‌ಬಾಕ್ಸ್ ಆಯಿಲ್ ಹಾಕುವ ತೂತಿಗೆ ಕಿವಿ ಇಡಿ, ಗುಳುಗುಳು ಅಂದರೆ ಅಲ್ಲೇ.

ಸ್ಪ್ಲೆಂಡರ್ ಸಿದ್ಧ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮಪ್ಪನ ಸ್ಪ್ಲೆಂಡರ್ ಲಾಕ್‌ಡೌನ್‌ನಿಂದ ನಿಂತಿದೆ. ಚೋಕ್ ಎಳೆದಿದ್ದರೆ ಓಡುತ್ತದೆ, ಚೋಕ್ ಬಿಟ್ಟರೆ ಬಂದ್. ಇದಕ್ಕೂ ಸೀಲಾ?

ಕೊಪ್ಪದ ಹುಡುಗಿ
ಅಲ್ಲ. ನಿಮ್ಮದು ಕಾರ್ಬೊರೇಟರ್‌ನ ಪೈಲಟ್ ಜೆಟ್ ಕಟ್ಟಿದ್ದು. ಅದರ ತೂತು ಕೂದಲೆಳೆಯಷ್ಟು, ಪೆಟ್ರೋಲ್ ಆರಿ ಉಳಿದ ಗೋಂದು ಮೊದಲು ಕಟ್ಟುವುದೇ ಅಲ್ಲಿ. ಕ್ಲೀನರ್ ಹೊಡೆದು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಕಾಣಬೇಕು. ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಎಂಜಿನ್ ಆಯಿಲ್ ಕೂಡ ಬದಲಾಯಿಸಿ. ಹೆಚ್ಚಿನ ಪಾಲು ಇಷ್ಟಕ್ಕೇ ಸರಿಹೋಗುತ್ತದೆ.

ಆರ್‌ಟಿಒ ಅಲೆದವನು
ಎಲ್ಲರೂ ಎಂಜಿನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೊಬ್ಬರಿನಾಡು, ದಾಖಲೆ ಹೇಗಿದೆ? ಮಾಲೀಕರು ತೀರಿಕೊಂಡಿದ್ದಾರೆ ಅಂದಿರಿ. ಮರಣ ಪ್ರಮಾಣ ಪತ್ರ, ವಾರಸುದಾರರ ಒಪ್ಪಿಗೆ ಇಲ್ಲದೆ ಹೆಸರು ಬದಲಾಗುವುದಿಲ್ಲ. ಮೊದಲು ಬಿ ಎಕ್ಸ್‌ಟ್ರಾಕ್ಟ್ (ಆರ್‌ಟಿಒ ದಾಖಲೆಯ ನಕಲು) ತೆಗೆಸಿ, ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತದಾ ನೋಡಿ. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಆಗಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ನಂಬರ್ ಹೊಂದದ ಗಾಡಿಗೆ ಸಾವಿರಾರು ರೂಪಾಯಿ ಸುರಿದು ಕೊನೆಗೆ ಶೋಕೇಸ್ ಮಾಡಿಕೊಂಡವರನ್ನು ನೋಡಿದ್ದೇನೆ.

ಕೊಬ್ಬರಿನಾಡು
ಮೇಷ್ಟ್ರ ಮಗ ಎಲ್ಲ ಕಾಗದ ಕೊಟ್ಟಿದ್ದಾರೆ ಅಣ್ಣ, ನಂಬರ್ ಹೊಂದುತ್ತದೆ.

ಕೊಪ್ಪದ ಅಕ್ಕಾ, ಟೆಸ್ಟ್ ಮಾಡಿದೆ. ಬಿಪಿ ಮಷಿನ್ ಅಮ್ಮನದು, ಬೈಸಿಕೊಂಡೇ ತಂದೆ. ಮುಳ್ಳು 200 ದಾಟಲೇ ಇಲ್ಲ, ಒತ್ತಿದಷ್ಟೂ ಇಳಿಯುತ್ತದೆ. ಡೈನಮೊ ಬಿಚ್ಚಿ ಸೋಪಿನ ನೀರು ಹಚ್ಚಿದರೆ ಶಾಫ್ಟ್ ಸುತ್ತ ನೊರೆ ಎದ್ದು ಬಂತು. ಗೇರ್‌ಬಾಕ್ಸ್ ತೂತಿನಲ್ಲಿ ಗುಳುಗುಳು ಸ್ಪಷ್ಟವಾಗಿ ಕೇಳಿಸಿತು. ಎರಡೂ ಸೀಲ್ ಹೋಗಿವೆ. ಬ್ಲಾಕ್ ಕೆಳಗಿನ ಪ್ಯಾಕಿಂಗ್‌ನಲ್ಲಿ ಏನೂ ಇಲ್ಲ.

ಇನ್ನೊಂದು ವಿಷಯ. ಪ್ಲಗ್ ತೆಗೆದು ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿದರೆ ಒಳಗೆ ಗರ್ರ್ ಅನ್ನುತ್ತದೆ.

ಯಾದವಗಿರಿ
ಆ ಗರ್ರ್ ಬೇರಿಂಗ್‌ಗೆ ಹಿಡಿದ ತುಕ್ಕು. ಪಿಸ್ಟನ್ ಯಾವ ಜಾಗದಲ್ಲಿ ನಿಂತಿತ್ತೋ ಅದರ ಮೇಲೆ ಅದೃಷ್ಟ. ಪೋರ್ಟ್ ತೆರೆದ ಹಾಗೆ ನಿಂತಿದ್ದರೆ ಸೈಲೆನ್ಸರ್ ಮೂಲಕ ಹತ್ತು ಮಳೆಗಾಲದ ತೇವ ಒಳಗೆ ಹೋಗಿರುತ್ತದೆ. ಹಾಗಾಗಿ ಸೀಲ್ ಮಾತ್ರ ಹಾಕಿ ಮುಗಿಸಬೇಡಿ, ಕೇಸ್ ಪೂರ್ತಿ ಬಿಚ್ಚಿಸಿ ಬೇರಿಂಗ್ ಕೂಡ ಹಾಕಿಸಿ. ಕನೆಕ್ಟಿಂಗ್ ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ, ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ.

ಡೈನಮೊ ಆರ್ಮೇಚರ್ ತೆಗೆದಿದ್ದೀರಿ, ಸುತ್ತಿಗೆ ಮುಟ್ಟಿಸಲಿಲ್ಲ ತಾನೇ? ಅದಕ್ಕೆ ಎಳೆಯುವ ಬೋಲ್ಟೇ ಬಳಸಬೇಕು. ಕ್ರ್ಯಾಂಕ್ ತುದಿಗೆ ಹೊಡೆದರೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ಬೋರ್ ಬಗ್ಗೆ: ಬ್ಲಾಕ್ ಹೇಗೂ ಕೈಗೆ ಬರುತ್ತದೆ. ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿ ಅಳೆಸಿ. ಮೂಲ ಅಳತೆ 65 ಮಿ.ಮೀ. ಅಳತೆ ಸರಿ ಇದ್ದು ಒಳಗೆ ಗೀರು ಇಲ್ಲದಿದ್ದರೆ ರಿಂಗ್ ಮಾತ್ರ ಬದಲಾಯಿಸಿ. ಹಳೇ ಪಿಸ್ಟನ್ ಈಗಿನ ಮಾರುಕಟ್ಟೆಯ ಸುಮಾರು ಮಾಲಿಗಿಂತ ವಾಸಿ.

ಬ್ರ್ನೋ ಕನ್ನಡಿಗ
ಚೆಕ್ ದೇಶದಿಂದ ನಮಸ್ಕಾರ. ಯೆಜ್ಡಿಯ ಬೇರು ಇಲ್ಲಿನದೇ ಅಲ್ವಾ. ಯೆಜ್ಡಿಗೆ ಮೂಲವಾದ ಚೆಕ್ ಗಾಡಿ ಜಾವಾ 250ರ ಬಿಡಿಭಾಗ ಇಲ್ಲಿ ಇನ್ನೂ ಹೊಸದಾಗಿ ಸಿಗುತ್ತವೆ. ಆದರೆ ಮೈಸೂರಿನಲ್ಲಿ 1961ರಿಂದ 1996ರವರೆಗೆ ಗಾಡಿ ಮಾಡುತ್ತಾ ಎಷ್ಟೋ ಭಾಗ ಬದಲಾಯಿಸಿದ್ದಾರೆ. ಚಿತ್ರ ನೋಡಿ ಆರ್ಡರ್ ಮಾಡಬೇಡಿ.

ಸೀಲ್‌ಗಂತೂ ಇಲ್ಲಿಂದ ತರಿಸುವ ಅಗತ್ಯವೇ ಇಲ್ಲ. ಹಳೇ ಸೀಲ್ ಮುಖದ ಮೇಲೆ ಮೂರು ಅಳತೆ ಅಚ್ಚಾಗಿರುತ್ತದೆ: ಶಾಫ್ಟ್, ಹೊರಗಿನ ವ್ಯಾಸ, ದಪ್ಪ. ಅಳಿಸಿದ್ದರೆ ವರ್ನಿಯರ್ ಹಿಡಿಯಿರಿ. ಯಾವುದೇ ಒಳ್ಳೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಸಾಧಾರಣ ನೈಟ್ರೈಲ್ ರಬ್ಬರ್ ಬದಲು ವೈಟಾನ್ ರಬ್ಬರ್‌ನದು ಕೇಳಿ. ಬೆಲೆ ಜಾಸ್ತಿ, ಆದರೆ ಶಾಖಕ್ಕೂ ಈಗಿನ ಎಥನಾಲ್ ಪೆಟ್ರೋಲ್‌ಗೂ ಚೆನ್ನಾಗಿ ತಡೆಯುತ್ತದೆ.

ಕೊಪ್ಪದ ಹುಡುಗಿ
ಎಥನಾಲ್ ಮಾತು ಬಂದಿದ್ದು ಒಳ್ಳೆಯದಾಯಿತು. ಇ20 ಪೆಟ್ರೋಲ್ (20% ಎಥನಾಲ್ ಬೆರೆಸಿದ್ದು) 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲೇ ಶುರುವಾಗಿದ್ದು, ಈಗ ಎಲ್ಲಾ ಕಡೆ ಅದೇ. ಮೇಷ್ಟ್ರ ಗಾಡಿ ನಿಂತಾಗ ಇಷ್ಟು ಎಥನಾಲ್ ಇರಲಿಲ್ಲ. ಈಗ ತುಂಬಿಸಿದ್ದನ್ನು ತಿಂಗಳುಗಟ್ಟಲೆ ಬಿಟ್ಟರೆ ಕಥೆ ಬೇರೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಪ್ ಮೊದಲು ಎಳೆಯುವುದು ಆ ತಳದ್ದನ್ನೇ. ಟೂ ಸ್ಟ್ರೋಕ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ, ಎಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ನೀರು. ಮಲೆನಾಡಿನ ಮಳೆಗಾಲದಲ್ಲಿ ನಾನು ಟ್ಯಾಂಕ್, ಕಾರ್ಬೊರೇಟರ್ ಬೌಲ್ ಎರಡೂ ಖಾಲಿ ಮಾಡಿಯೇ ಗಾಡಿ ನಿಲ್ಲಿಸುವುದು.

ನಿಮ್ಮ ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಪುಡಿ ಇದ್ದರೆ ಕಾರ್ಬೊರೇಟರ್ ಎಷ್ಟು ಸಲ ತೊಳೆದರೂ ದಂಡ.

ಬುಲೆಟ್ ಬೆಳಗಾವಿ
ಟ್ಯಾಂಕ್‌ಗೆ ಟಾಯ್ಲೆಟ್ ಆ್ಯಸಿಡ್ ಹಾಕಿ ಅಲ್ಲಾಡಿಸಿ, ಹತ್ತು ನಿಮಿಷದಲ್ಲಿ ಬೆಳ್ಳಗೆ!

ಕೊಪ್ಪದ ಹುಡುಗಿ
ಅಣ್ಣಾ ಬೇಡ! ಬೆಳ್ಳಗಾಗುವುದು ನಿಜ, ತೊಳೆದು ಒಣಗುವಷ್ಟರಲ್ಲಿ ಮತ್ತೆ ಕೆಂಪು ಹತ್ತುತ್ತದೆ. ತೆಳುವಾದ ತಗಡಿನಲ್ಲಿ ತೂತು ಬೀಳುತ್ತದೆ, ಒಂದು ಹನಿ ಹೊರಗೆ ಬಿದ್ದರೆ ಪೇಂಟ್ ಹೋಯಿತು.

ಟ್ಯಾಪ್ ಬಿಚ್ಚಿ ಬೋಲ್ಟ್ ಹಾಕಿ ಮುಚ್ಚಿ. ಒಂದು ಹಿಡಿ ನಟ್ಟು ಬೋಲ್ಟ್, ಸ್ವಲ್ಪ ನೀರು ಹಾಕಿ ಚೆನ್ನಾಗಿ ಕುಲುಕಿದರೆ ಸಡಿಲ ತುಕ್ಕು ಬರುತ್ತದೆ. ಆಮೇಲೆ ಟ್ಯಾಂಕ್ ತುಂಬ ವಿನೆಗರ್, ಎರಡು ಮೂರು ದಿನ ಹಾಗೇ ಬಿಡಿ. ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ಹುಳಿ ಮುರಿಯಿರಿ. ತಕ್ಷಣ ಬಿಸಿಲಿಗಿಟ್ಟು ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಒಳಗೆಲ್ಲ ಟೂಟಿ ಆಯಿಲ್ ಸುತ್ತಾಡಿಸಿ. ಪೆಟ್ರೋಲ್ ಆವಿ ಪೂರ್ತಿ ಹೋಗಿದೆ ಅಂತ ಖಾತ್ರಿಯಾಗದೆ ಡ್ರೈಯರ್ ಹತ್ತಿರ ತರಬೇಡಿ.

ಯಾದವಗಿರಿ
ಹುಣಸೆಹುಳಿಯೂ ನಡೆಯುತ್ತದೆ, ನಿಧಾನ ಅಷ್ಟೇ. ಆಮೇಲೆ ಹಿಂಡಿ ತೆಗೆಯುವ ಕೆಲಸ ಯಾರಿಗೂ ಬೇಡ.

ಕೊಬ್ಬರಿನಾಡು
ಅಪ್‌ಡೇಟ್. ಮೈಸೂರಿನ ಹಳಬರೊಬ್ಬರ ಕೈಯಲ್ಲಿ ಕೇಸ್ ಬಿಚ್ಚಿಸಿದೆ. ಎಡಗಡೆ ಸೀಲ್‌ನ ತುಟಿ ಬೆರಳಲ್ಲಿ ಮುಟ್ಟಿದರೆ ಚೂರುಚೂರು. ಬಲಗಡೆಯದು ಹರಿದೇ ಇತ್ತು. ಬೇರಿಂಗ್ ಗುಂಡಿನ ಮೇಲೆ ತುಕ್ಕಿನ ಚುಕ್ಕೆ. ಬಿಗ್ ಎಂಡ್ ಚೆನ್ನಾಗಿದೆ. ಬೋರ್ ಅಳೆಸಿದೆವು: ಸ್ಟ್ಯಾಂಡರ್ಡ್, ಗೀರಿಲ್ಲ! ಅವರೇ "ಇದನ್ನ ಕೊರೆಸಿದ್ದರೆ ಪಾಪ ಸುತ್ತಿಕೊಳ್ಳುತ್ತಿತ್ತು" ಅಂದರು. ರಿಂಗ್, ಬೇರಿಂಗ್, ವೈಟಾನ್ ಸೀಲ್, ಪೂರ್ತಿ ಪ್ಯಾಕಿಂಗ್ ಸೆಟ್ ಹಾಕಿದರು. ಮುಚ್ಚುವ ಮೊದಲು ನಾನೇ ಹಟ ಮಾಡಿ ಬಿಪಿ ಮಷಿನ್ ಹಾಕಿಸಿದೆ. ಮುಳ್ಳು ಅಲುಗಲಿಲ್ಲ. ಟ್ಯಾಂಕ್‌ಗೆ ವಿನೆಗರ್ ಮಾಡಿದೆ, ಟ್ಯಾಪ್ ಹೊಸದು, ಕ್ಯಾಪ್ ತೂತು ಬಿಡಿಸಿದೆ.

ಈಗ ಎರಡನೇ ಕಿಕ್ಕಿಗೆ ಸ್ಟಾರ್ಟ್. ಹೊಗೆ ಮೊದಲ ದಿನ ಇತ್ತು, ಸೈಲೆನ್ಸರ್ ಹಳೇ ಆಯಿಲ್ ಸುಟ್ಟ ಮೇಲೆ ಹೋಯಿತು. ರೇಸ್ ಗುಡುಗುಡು ಅಂತ ಒಂದೇ ಸಮ. ಗೇರ್‌ಬಾಕ್ಸ್ ಆಯಿಲ್ ಅಲ್ಲೇ ಇದೆ.

ಒಂದೇ ತೊಂದರೆ ಉಳಿದಿದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಬಿಸಿಯಲ್ಲಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತಣ್ಣಗಾದ ಮೇಲೆ ಆಗುತ್ತದೆ.

ಬುಲೆಟ್ ಬೆಳಗಾವಿ
ಪಾಯಿಂಟ್ ಕಿತ್ತು ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿ, ತಲೆನೋವೇ ಇಲ್ಲ.

ಯಾದವಗಿರಿ
ಸಿಡಿಐ ಹಾಕುವುದು ತಪ್ಪಲ್ಲ. ಆದರೆ ಚಿಕ್ಕ ಕಾಯಿಲೆಗೆ ಇಡೀ ಡೈನಮೊ ಕೀಳಬೇಕಾ? ಅದು ಕೆಟ್ಟರೆ ದಾರಿಯಲ್ಲಿ ಯಾರೂ ಸರಿ ಮಾಡಲಾರರು. ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ ಮನೆಗೆ ಬರಬಹುದು.

ತಮ್ಮಾ, ಬಿಸಿಯಲ್ಲಿ ನಿಂತಾಗ ಪ್ಲಗ್ ತೆಗೆದು ಬಾಡಿಗೆ ಮುಟ್ಟಿಸಿ ಕಿಡಿ ನೋಡಿ. ಮಂಕಾದ ಹಳದಿ ಕಿಡಿ ಬಂದು, ಪಾಯಿಂಟ್ ಮಧ್ಯೆ ದೊಡ್ಡ ನೀಲಿ ಕಿಡಿ ಹಾರುತ್ತಿದ್ದರೆ ಪಾಯಿಂಟ್ ಜೊತೆಗಿರುವ ಕಂಡೆನ್ಸರ್ ಹೋಗಿದೆ. ಹಳೇ ಕಂಡೆನ್ಸರ್ ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಲ್ಲಿ ಕೈ ಕೊಡುವುದು ಬಹಳ ಮಾಮೂಲು. ಅಂಗಡಿಯಲ್ಲಿ "ಹೊಸ ಹಳೇ ಸ್ಟಾಕ್" ಅಂತ ಇಪ್ಪತ್ತು ವರ್ಷ ಡಬ್ಬದಲ್ಲಿದ್ದದ್ದು ಕೊಡುತ್ತಾರೆ, ಅದು ಬೇಡ. ಹೊಸದೇ ಹಾಕಿ. ಕಂಡೆನ್ಸರ್ ಹಾಕಿದರೂ ಹಾಗೇ ಇದ್ದರೆ ಇಗ್ನಿಷನ್ ಕಾಯಿಲ್ ನೋಡಿ.

ಹಾಕುವಾಗಲೇ ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಇಡಿ. ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಪಿಸ್ಟನ್ ಮೇಲಿನ ತುದಿ ಮುಟ್ಟುವ 3ರಿಂದ 3.5 ಮಿ.ಮೀ. ಮೊದಲು. ಪಾಯಿಂಟ್ ನಡುವೆ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸಿ, ಕಾಗದ ಸಡಿಲ ಆದ ಜಾಗವೇ ಪಾಯಿಂಟ್ ತೆರೆದ ಜಾಗ.

ಕೊಬ್ಬರಿನಾಡು
ಕಂಡೆನ್ಸರ್‌ರೇ ಸರ್! ನೀವು ಹೇಳಿದ ನೀಲಿ ಕಿಡಿ ಕಣ್ಣಾರೆ ಕಂಡಿತು. ಹೊಸದು ಹಾಕಿದೆ, ಬಿಸಿಯಲ್ಲೂ ಸ್ಟಾರ್ಟ್ ಆಗುತ್ತಿದೆ. ಪ್ಲಗ್ ತೆಗೆದರೆ ಕಾಫಿ ಪುಡಿ ಬಣ್ಣ. ಫುಲ್ ಎಕ್ಸ್‌ಲೇಟರ್ ಯಾವಾಗಿಂದ ಕೊಡಬಹುದು?

ಯಾದವಗಿರಿ
ಹೊಸ ರಿಂಗ್ ಹಾಕಿದ್ದೀರಿ, ಮೊದಲ 500 ಕಿ.ಮೀ. ಅರ್ಧದ ಮೇಲೆ ಬೇಡ. ಒಂದೇ ವೇಗದಲ್ಲಿ ಬಹಳ ಹೊತ್ತು ಹಿಡಿಯಬೇಡಿ. ಇಳಿಜಾರಿನಲ್ಲಿ ಎಕ್ಸ್‌ಲೇಟರ್ ಪೂರ್ತಿ ಮುಚ್ಚಿ ಗೇರಲ್ಲೇ ಇಳಿಯಬೇಡಿ, ಟೂ ಸ್ಟ್ರೋಕ್‌ಗೆ ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ಆಗಾಗ ಸ್ವಲ್ಪ ತಿರುವಿ ಬಿಡಿ. 500 ಆದ ಮೇಲೆ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿ, ಹೆಡ್ ನಟ್ಟು ತಣ್ಣಗಿದ್ದಾಗ ಒಮ್ಮೆ ಬಿಗಿ ನೋಡಿ.

ಬುಲೆಟ್ ಬೆಳಗಾವಿ
ಇಷ್ಟೆಲ್ಲಾ ಆಯಿತು, ಫೋಟೊ ಎಲ್ಲಿ?